ಫೋಟೋದ ಬಲಗಡೆಯ ಅಂಚು

ಸತ್ತವರ ಫೋಟೋ ಮಾಡೋದರಲ್ಲಿ ಆ ಕಾಲಕ್ಕೆ ಪಿರಿಯಾಪಟ್ಟಣದಲ್ಲಿ ನನ್ನನ್ನ ಮೀರಿಸೋರು ಯಾರೂ ಇರಲಿಲ್ಲ. ಜಂಬಕ್ಕೆ ಹೇಳ್ತಿಲ್ಲ. ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಒಂದು ಕಂಪ್ಯೂಟರ್, ಒಂದು ಸ್ಕ್ಯಾನರ್, ಒಂದು ಪ್ರಿಂಟರ್, ಕರೆಂಟ್ ಹೋದ ತಕ್ಷಣ ಹತ್ತು ನಿಮಿಷ ಕೂಗಿ ಸುಮ್ಮನಾಗೋ ಒಂದು ಯುಪಿಎಸ್. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು ಎಲ್ಲ ಮಾಡ್ತಿದ್ದೆ. ಆದರೆ ಹೆಚ್ಚು ಬರ್ತಿದ್ದದ್ದು ತಿಥಿ ಕಾರ್ಡೇ.

ಮೊಬೈಲಿನಲ್ಲಿ ಕ್ಯಾಮೆರಾ ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಹಳ್ಳಿಯಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಯಾರದೋ ಮದುವೆ ಆಲ್ಬಮ್ ಹಿಡಿದು ಬರೋರು. "ಮದುಮಗಳ ಇಂದ್ಗಡೆ ನಿಂತವ್ರಲ್ಲ, ಅವ್ರೇ ಕಣ್ರೀ ನಮ್ಮಪ್ಪ, ಎತ್ಕೊಡಿ" ಅನ್ನೋರು. ನಾನು ಅಪ್ಪನ್ನ ಎತ್ತಿ, ಹೆಗಲ ಮೇಲಿರೋ ಪಕ್ಕದವನ ಕೈ ಅಳಿಸಿ, ಹಿಂದೆ ಆಕಾಶದ ಬಣ್ಣ ತುಂಬಿ ಕೊಡ್ತಿದ್ದೆ. ಅಂಗಿ ಹರಿದಿದ್ದವರಿಗೆ ಬೇರೆಯವರ ಬಿಳಿ ಅಂಗಿ ತೊಡಿಸಿದ್ದೂ ಉಂಟು. ಒಂದೇ ಒಂದು ಕಟ್ಟುನಿಟ್ಟು: ಬದುಕಿರೋರ ಒಂದು ಬೆರಳೂ ಆ ಚೌಕಟ್ಟಿನೊಳಗೆ ಇರಬಾರದು. ಹಾರ ಬೀಳೋ ಫೋಟೋ ಅದು. ಹಾಗಾಗಿ ಕತ್ತರಿಸೋದು ನನಗೆ ನೀರು ಕುಡಿದಷ್ಟು ಸಲೀಸು.

ಆ ಸಲೀಸಿನಲ್ಲೇ ನನ್ನ ಅಕ್ಕನ್ನೂ ಒಂದು ದಿನ ಕತ್ತರಿಸಿದೆ, ಅವಳು ಬದುಕಿದ್ದಾಗಲೇ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡೋಳು. ಅಪ್ಪ ಹೋದ ಮೇಲೆ ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಹೊಗೆಸೊಪ್ಪು ಒಣಗಿಸೋ ಬ್ಯಾರನ್ನಿಗೆ ಹೋದಳು, ಹಸಿ ಸೊಪ್ಪನ್ನ ಕಡ್ಡಿಗೆ ಕಟ್ಟೋ ಕೆಲಸಕ್ಕೆ. ಆ ಸೊಪ್ಪಿನ ಅಂಟು ಒಂದು ಸಲ ಕೈಗೆ ಹತ್ತಿತು ಅಂದರೆ ಯಾವ ಸೋಪಿಗೂ ಜಗ್ಗಲ್ಲ. ಆ ಕೈಯಲ್ಲಿ ಮುದ್ದೆ ಮುರಿದರೆ ಮುದ್ದೆಯೂ ಕಹಿ, ಸಾರೂ ಕಹಿ. ಅದಕ್ಕೇ ಸೊಪ್ಪಿನ ಕಾಲದಲ್ಲಿ ನಾನು ಅವಳಿಗೆ ತುತ್ತು ಮಾಡಿ ಬಾಯಿಗೆ ಇಡ್ತಿದ್ದೆ. ಅವಳು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಮರಿಹಕ್ಕಿ ಥರ ಬಾಯಿ ತೆಗೆದು ಕೂತಿರೋಳು. "ದೊಡ್ ತುತ್ತು ಮಾಡ್ಲಾ, ಜಿಪುಣ" ಅಂತ ಬೈಯೋಳು. ಆ ಕಹಿ ಕೈಯ ದುಡಿಮೆಯಲ್ಲೇ ನಾನು ಕಂಪ್ಯೂಟರ್ ಕ್ಲಾಸಿಗೆ ಹೋದದ್ದು. ಇದನ್ನ ಮರೆಯೋಕೆ ಆಗುತ್ತಾ? ಆಯ್ತಲ್ಲ ನನಗೆ, ಒಂದು ಮಧ್ಯಾಹ್ನದ ಮಟ್ಟಿಗಾದರೂ.

ಭಾವ ಕೊಡಗಿನ ಕಾಫಿ ತೋಟದಲ್ಲಿ ಮರ ಹತ್ತಿ ಕೊಂಬೆ ಸವರೋ ಮರಗಸಿ ಕೆಲಸದಲ್ಲಿ ಬಿದ್ದು ತೀರಿಕೊಂಡರು. ಅಕ್ಕ ಕೂಸನ್ನ ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಮನೆಗೇ ವಾಪಸ್ ಬಂದಳು, ಅವ್ವನ ಹತ್ತಿರ. ನಮ್ಮೂರು ರಾವಂದೂರಿನಿಂದ ಒಳಗೆ. ಶಾಲೆಗಳಲ್ಲಿ ಬಿಸಿಯೂಟ ಶುರುವಾದಾಗ ಊರಿನ ಶಾಲೆಗೆ ಅವಳೇ ಅಡುಗೆಯವಳಾದಳು. ಬೆಳಗ್ಗೆ ನನಗೆ ಬುತ್ತಿ ಕಟ್ಟಿ ಬಸ್ಸಿಗೆ ಕಳಿಸಿ, ಆಮೇಲೆ ನೂರೈವತ್ತು ಮಕ್ಕಳಿಗೆ ಬೇಯಿಸೋಕೆ ಹೋಗೋಳು.

ಆ ಶಾಲೆಗೆ ಐವತ್ತು ವರ್ಷ ತುಂಬಿತು. ಸುವರ್ಣ ಮಹೋತ್ಸವ ಮಾಡಿದರು, ಸ್ಮರಣ ಸಂಚಿಕೆಯ ಕೆಲಸ ನನಗೆ ಕೊಟ್ಟರು. ಸಮಾರಂಭದ ದಿನ ಶಾಲೆ ಮುಂದೆ ಗಣ್ಯರನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿದರು. ನಾನು ಫೋಟೋಗ್ರಾಫರ್ ಪಕ್ಕದಲ್ಲೇ ನಿಂತಿದ್ದೆ. ಅಡುಗೆ ಮನೆ ಬಾಗಿಲಲ್ಲಿ ಅಕ್ಕ ಸೌಟು ಹಿಡಿದು ಇಣುಕಿ ನೋಡ್ತಿದ್ದಳು. ನಾನೇ ಕರೆದೆ.

"ಅಕ್ಕಾ, ಬಾ, ನೀನೂ ನಿಂತ್ಕೊ."

"ನಾನ್ಯಾಕ್ಲಾ? ಮೈಯೆಲ್ಲಾ ಒಗ್ಗರಣೆ ವಾಸ್ನೆ."

"ಫೋಟೋಕ್ಕೆ ವಾಸನೆ ಬರಲ್ಲ, ಬಾ ಸುಮ್ನೆ."

ಡ್ರಮ್ಮಿನ ನೀರು ಮೊಗೆದು ಮುಖ ತೊಳೆದು, ಸೆರಗಲ್ಲಿ ಒರೆಸಿಕೊಂಡು, ಓಡಿ ಬಂದು ಸಾಲಿನ ಬಲಗಡೆಯ ತುದಿಯಲ್ಲಿ ನಿಂತಳು. ಸೌಟು ಇಡೋಕೆ ಪುರುಸೊತ್ತಾಗಲಿಲ್ಲ, ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. "ಈ ಕಡೆ ನೋಡಕ್ಕ" ಅಂದೆ. ನೋಡಿದಳು, ನಕ್ಕಳು.

ಹದಿನೈದು ದಿನ ಕಳೆದ ಮೇಲೆ ಹೆಡ್ ಮಾಸ್ಟರು ಮತ್ತೆ ಮಹೋತ್ಸವ ಸಮಿತಿಯ ಒಬ್ಬರು ಅಂಗಡಿಗೆ ಬಂದು ನನ್ನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತರು. ಪುಟಗಳನ್ನ ಒಂದೊಂದಾಗಿ ತೋರಿಸ್ತಾ ಬಂದೆ. ಹೆಡ್ ಮಾಸ್ಟರು ಕೆ.ಆರ್. ನಗರದ ಕಡೆಯಿಂದ ವರ್ಗವಾಗಿ ಬಂದವರು, ಬಹಳ ನಯವಾದ ಮಾತು, ನನ್ನನ್ನ "ಸಾರ್" ಅಂತಲೇ ಕರೀತಿದ್ದರು. ಆ ಗುಂಪಿನ ಫೋಟೋ ಬಂದಾಗ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಗಣ್ಯರ ಸಾಲಿನಲ್ಲಿ ಅಡುಗೆಯವಳು ಯಾಕೆ ಸಾರ್? ನೋಡಿದೋರು ಏನಂದ್ಕೋತಾರೆ? ಆ ಕಡೆ ಒಂಚೂರು ಕತ್ತರಿಸಿಬಿಡಿ."

ಅವರಿಗೆ ಗೊತ್ತಿರಲಿಲ್ಲ. ಸಮಿತಿಯವರಿಗೆ ಗೊತ್ತಿತ್ತು, ಅವರು ನಮ್ಮೂರಿನವರೇ. ನಾನೇನು ಹೇಳ್ತೀನಿ ಅಂತ ನನ್ನ ಮುಖ ನೋಡಿದರು. "ಅವಳು ನನ್ನ ಅಕ್ಕ ಸಾರ್." ಇಷ್ಟೇ ಹೇಳಬೇಕಿದ್ದದ್ದು. ನಾಲ್ಕು ಪದ. ಸಣ್ಣ ಸಣ್ಣದಕ್ಕೂ ಗಿರಾಕಿಗಳ ಮೇಲೆ ರೇಗಾಡೋ ನನ್ನ ಬಾಯಿಗೆ ಆವತ್ತು ಏನು ಗರ ಬಡಿದಿತ್ತೋ. "ಆಯ್ತು ಸಾರ್" ಅಂದೆ. ಪುಟ ಜೋಡಿಸೋ ಕೋರಲ್ ಸಾಫ್ಟ್‌ವೇರಿನಲ್ಲಿ ಫೋಟೋದ ಚೌಕಟ್ಟಿನ ಬಲಗಡೆಯ ಗೆರೆ ಹಿಡಿದು ಒಳಕ್ಕೆ ಎಳೆದೆ. ಎರಡು ಸೆಕೆಂಡು ಹಿಡೀಲಿಲ್ಲ. ಅಕ್ಕ ಹೋದಳು. ಗಣ್ಯರೆಲ್ಲ ಒತ್ತಾಗಿ, ಲಕ್ಷಣವಾಗಿ ನಿಂತರು. ನನಗೆ ನಾಚಿಕೆಯಾಗಿತ್ತು, ನಿಜ ಹೇಳ್ತೀನಿ. ಸಾರ್ ಅನ್ನಿಸಿಕೊಳ್ಳೋ ಮನುಷ್ಯನ ಅಕ್ಕ ಸೌಟು ಹಿಡಿದು ನಿಂತವ್ಳೆ ಅಂತ ನಾಚಿಕೆ.

ಪುಟಗಳನ್ನ ಪಿಡಿಎಫ್ ಮಾಡಿ, ಸಿ.ಡಿ.ಗೆ ಹಾಕಿ ಮೈಸೂರಿನ ಪ್ರೆಸ್ಸಿಗೆ ಕಳಿಸಿದೆ. ಇನ್ನೊಂದು ಸಿ.ಡಿ. ನನ್ನ ಹತ್ತಿರ ಇಟ್ಟುಕೊಂಡೆ.

ಪುಸ್ತಕ ಬಂದ ದಿನ ಅಕ್ಕ ಕೈ ತೊಳೆದು, ಒರೆಸಿಕೊಂಡು, ಕೂಸನ್ನ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಹಾಳೆ ತಿರುವಿದಳು. ಗುಂಪಿನ ಫೋಟೋ ಬಂದಾಗ ಬೆರಳಿಟ್ಟು ಎಡಗಡೆಯಿಂದ ಬಲಗಡೆವರೆಗೂ ಹುಡುಕಿದಳು. ಇನ್ನೊಂದು ಸಲ ಹುಡುಕಿದಳು.

"ನಾನೆಲ್ಲಿವ್ನಿ ಇದ್ರಲ್ಲಿ?"

"ಮೈಸೂರಿನ ಪ್ರೆಸ್ಸಿನೋರು ಕತ್ತರಿಸಿಬುಟ್ಟವ್ರೆ ಕಣಕ್ಕ. ಪೇಜಿಗೆ ಹಿಡೀಲಿಲ್ಲವಂತೆ."

ಒಂದು ಗಳಿಗೆ ನನ್ನನ್ನೇ ನೋಡಿದಳು. "ಓಗ್ಲಿ ಬುಡು" ಅಂದಳು. "ನನ್ ಮಕ ನೋಡಿ ಯಾರ್ಗೇನಾಗ್ಬೇಕು." ಪುಸ್ತಕವನ್ನ ಟ್ರಂಕಿನೊಳಗೆ, ಸೀರೆ ಮಡಿಕೆಯ ಕೆಳಗೆ ಇಟ್ಟಳು. ಮಾರನೇ ದಿನ ಎಂದಿನಂತೆ ಬುತ್ತಿ ಕಟ್ಟಿಕೊಟ್ಟಳು.

ಮುಂದಿನ ಮಳೆಗಾಲದಲ್ಲಿ ಅಕ್ಕ ಹೋದಳು. ಮೂರು ದಿನದ ಜ್ವರ. ಮಾತ್ರೆಗೆ ಇಳಿಯುತ್ತೆ ಅಂದುಕೊಂಡೆವು. ನಾಲ್ಕನೇ ದಿನ ವ್ಯಾನಿನಲ್ಲಿ ಮಲಗಿಸಿಕೊಂಡು ಮೈಸೂರಿಗೆ ಹೊರಟರೆ ಹುಣಸೂರು ದಾಟಲಿಲ್ಲ.

ತಿಥಿ ಕಾರ್ಡು ಮಾಡೋಕೆ ನಾನೇ ಕೂತೆ. ಮೇಲ್ಗಡೆ ಮೊಟ್ಟೆ ಆಕಾರದ ಜಾಗ ಇರುತ್ತಲ್ಲ, ಮುಖ ಹಾಕೋಕೆ, ಅದಕ್ಕೆ ಹಾಕೋಕೆ ನನ್ನ ಹತ್ತಿರ ಮುಖ ಇರಲಿಲ್ಲ. ಅವಳ ಮದುವೆ ದೇವಸ್ಥಾನದಲ್ಲಿ ಹತ್ತು ಜನರ ಮುಂದೆ ಆಗಿದ್ದು, ಫೋಟೋ ತೆಗೆಸಿರಲಿಲ್ಲ. ಆ ಗುಂಪಿನ ಫೋಟೋದ ಪ್ರಿಂಟು ಕೇಳೋಕೆ ಶಾಲೆಗೆ ಓಡಿದೆ. ಬೀರುವಿನ ಮೇಲೆ ಸೂರು ಸೋರಿ, ಫೋಟೋಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಇಟ್ಟಿಗೆಯಾಗಿದ್ದವು. ಬಿಡಿಸಿದರೆ ಬಣ್ಣವೆಲ್ಲ ಕಿತ್ತು ಬಂತು. ಫೋಟೋಗ್ರಾಫರ್ ಹತ್ತಿರ ನೆಗೆಟಿವ್ ಇರಲಿಲ್ಲ. ನಾನು ಸ್ಕ್ಯಾನ್ ಮಾಡಿದ್ದ ಫೈಲು, ವೈರಸ್ ಬಂತು ಅಂತ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದಾಗ ಹೋಗಿತ್ತು. ಸಿ.ಡಿ. ಇತ್ತು. ಆದರೆ ಅದರಲ್ಲಿ ಇದ್ದದ್ದು ಕತ್ತರಿಸಿದ ಪುಟ ತಾನೆ? ಅದನ್ನ ತೆಗೆದು ಕೂಡ ನೋಡಲಿಲ್ಲ. ಸಿಟ್ಟಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರಲ್ಲ ಅಂತಾರೆ. ನಾನು ಸಿಟ್ಟಲ್ಲೂ ಕೊಯ್ದಿರಲಿಲ್ಲ, ಹೇಡಿತನದಲ್ಲಿ ಕೊಯ್ದಿದ್ದೆ. ಆ ಜಾಗಕ್ಕೆ ಒಂದು ದೀಪದ ಚಿತ್ರ ಹಾಕಿ ಕಾರ್ಡು ಮುಗಿಸಿದೆ.

ಆ ವರ್ಷ ಮಾರ್ಲಾಮಿಯಲ್ಲಿ, ಅದೇ ಹಿರಿಯರ ಹಬ್ಬ, ಅವ್ವ ಗೋಡೆ ಪಕ್ಕ ಎಲೆ ಹಾಕಿ ಎಡೆ ಇಟ್ಟಳು. ಅಪ್ಪನ ಫೋಟೋ ಮುಂದೆ ಅಪ್ಪಂದು. ಅಕ್ಕನ ಎಡೆ ಮುಂದೆ ಒಂದು ಮಡಿಸಿದ ಸೀರೆ ಮಾತ್ರ. ಅವಳಿಗೆ ಇಷ್ಟ ಅಂತ ಅವರೆಕಾಳಿನ ಸಾರು, ಒತ್ತು ಶಾವಿಗೆ ಎಲ್ಲ ಬಡಿಸಿದ ಅವ್ವ, ಕೈಯಲ್ಲಿ ಸೌಟು ಹಿಡಿದೇ ಕುಸಿದು ಕೂತಳು.

"ಮಕ ಇಲ್ದೆ ಯಾರ್ಗೆ ಇಕ್ಲಿ? ಊರೋರ್ಗೆಲ್ಲಾ ಪೋಟೋ ಮಾಡ್ಕೊಡ್ತೀಯ, ನಿನ್ ಅಕ್ಕುಂಗೆ ಒಂದಿಲ್ವೇನ್ಲಾ?"

ಕೊನೆಗೆ ವೋಟರ್ ಕಾರ್ಡು ಹಿಡಿದು ಕೂತೆ. ಉಗುರಿನಷ್ಟು ಮುಖ, ಅದೂ ಕರಿ ಮಸಿ. ಸ್ಕ್ಯಾನ್ ಮಾಡಿ ಹಿಗ್ಗಿಸಿದೆ, ಕಣ್ಣು ಇಲ್ಲದ ಕಡೆ ಕಣ್ಣು ಬರೆದೆ, ತುಟಿ ತಿದ್ದಿದೆ, ಕಟ್ಟು ಹಾಕಿಸಿ ಮನೆಗೆ ತಂದೆ. ಅವ್ವ ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು. "ಇವ್ಳ್ಯಾರ್ಲಾ?" ಅಂದಳು. ನನಗೆ ಸಿಟ್ಟು ನೆತ್ತಿಗೇರಿ, ಅದನ್ನ ಕಿತ್ತುಕೊಂಡು ಅಟ್ಟದ ಮೇಲೆ ಬೋರಲು ಹಾಕಿದೆ. ಸಿಟ್ಟು ಅವ್ವನ ಮೇಲಲ್ಲ.

ಅದಕ್ಕಿಂತ ಕೆಟ್ಟದ್ದು ಒಂದು ದಿನ ನಡೀತು. ಅಕ್ಕನ ಮಗಳಿಗೆ ಆಗ ಒಂಬತ್ತು ವರ್ಷ. ಬಸ್ಸಿಗೆ ಹೊರಟು ನಿಂತಿದ್ದೆ, ಹತ್ತಿರ ಬಂದು ಅಂಗಿ ಹಿಡಿದು ಎಳೆದಳು.

"ಮಾವ, ಅವ್ವುಂಗೆ ಹುಬ್ಬಿನ ಹತ್ರ ಸುಟ್ಟ ಕಲೆ ಇತ್ತಲ್ಲ, ಎಣ್ಣೆ ಸಿಡಿದಿದ್ದು. ಅದು ಈ ಕಡೆಗಾ, ಆ ಕಡೆಗಾ?"

ಬಾಯಿ ತೆಗೆದೆ. ಇಪ್ಪತ್ತೈದು ವರ್ಷ ಆ ಮುಖದ ಮುಂದೆ ಬೆಳೆದವನು ನಾನು, ಎಡವೋ ಬಲವೋ ತಿಳೀಲಿಲ್ಲ.

"ಯಾಕವ್ವ ಕೇಳ್ತೀಯ?"

"ದಿನಾ ಮಲಗೋವಾಗ ಅವ್ವನ ಮುಖ ಜ್ಞಾಪಿಸ್ಕೊತೀನಿ. ಈಗ ಸರಿಯಾಗಿ ಬತ್ತಾ ಇಲ್ಲ, ಮಾವ."

"ಬಸ್ಸಿಗೆ ಹೊತ್ತಾಯ್ತು" ಅಂತ ಓಡಿ ಹೋದೆ. ತಾಯಿಯ ಮುಖವನ್ನ ಆ ಮಗು ದಿನಕ್ಕಿಷ್ಟು ಅಂತ ಕಳಕೊಳ್ತಾ ಇತ್ತು, ಅದನ್ನ ಕಾಪಾಡಬಹುದಾಗಿದ್ದ ಒಂದೇ ಫೋಟೋನ ನಾನೇ ಕತ್ತರಿಸಿದ್ದೆ.

ಮಾರನೇ ವರ್ಷದ ಮಾರ್ಲಾಮಿಗೆ ಹದಿನೈದು ದಿನ ಇತ್ತು. ಸುವರ್ಣ ಮಹೋತ್ಸವಕ್ಕೆ ಬಂದಿದ್ದ ಮುಖ್ಯ ಅತಿಥಿಯ ಹುಟ್ಟುಹಬ್ಬ ಅಂತ ಅವರ ಕಡೆಯವನೊಬ್ಬ ಫ್ಲೆಕ್ಸ್ ಮಾಡಿಸೋಕೆ ಬಂದ. ಸ್ಮರಣ ಸಂಚಿಕೆಯಲ್ಲಿರೋ ಫೋಟೋನೇ ಬೇಕಂತೆ, ಅದರಲ್ಲಿ ಅಣ್ಣನಿಗೆ ಕಳೆ ಇದೆಯಂತೆ. ಮನಸ್ಸಿಲ್ಲದ ಮನಸ್ಸಿನಿಂದ ಆ ಸಿ.ಡಿ. ಹುಡುಕಿ ತೆಗೆದೆ. ಪಿಡಿಎಫ್ ತೆರೆದು, ಪರದೆ ಮೇಲೆ ದೊಡ್ಡದು ಮಾಡಿ, ಪ್ರಿಂಟ್ ಸ್ಕ್ರೀನ್ ಒತ್ತಿ, ಕಂಡದ್ದನ್ನ ಹಾಗೇ ಫೋಟೋಶಾಪಿಗೆ ತಂದು ಅಂಟಿಸಿ, ಫ್ಲೆಕ್ಸ್ ಹೊಡೆಯೋ ಹುಣಸೂರಿನ ಗೆಳೆಯನಿಗೆ ಕಳಿಸಿದೆ. ಫ್ಲೆಕ್ಸ್ ಬಂತು. ಆ ಮನುಷ್ಯ ಬಿಡಿಸಿ ನೋಡಿ ಕುಣಿದಾಡಿಬಿಟ್ಟ.

"ಏನ್ರೀ ಇದು, ನಮ್ಮಣ್ಣನ ಮಕ ಇಟ್ಗೆ ಜೋಡ್ಸಿದಂಗೆ ಬಂದದೆ! ಮೂಗು ನೋಡಿ, ಮೆಟ್ಲು ಮೆಟ್ಲು!"

ಸುಳ್ಳಲ್ಲ, ಆ ಮೂಗು ಹತ್ತಿಕೊಂಡು ಹೋಗಬಹುದಾಗಿತ್ತು. ಮತ್ತೆ ಕೂತೆ. ಈ ಸಲ ಪಿಡಿಎಫ್ ಪುಟವನ್ನೇ ಫೋಟೋಶಾಪಿನಲ್ಲಿ ತೆರೆದೆ. ರೆಸಲ್ಯೂಶನ್ ಎಷ್ಟು ಅಂತ ಕೇಳ್ತು, ಎಪ್ಪತ್ತೆರಡು ಇದ್ದದ್ದನ್ನ ಮುನ್ನೂರು ಮಾಡಿದೆ. ಮುಖ ವಾಸಿ. ಆದರೆ ಪುಟದ ಹೂಬಳ್ಳಿ ಅಂಚು, ಹೆಸರಿನ ಅಕ್ಷರ ಎಲ್ಲ ಅಣ್ಣನ ಎದೆ ಮೇಲೇ ಬಂದು ಕೂತವು. ತಲೆ ಕೆಟ್ಟು ಹುಣಸೂರಿಗೆ ಫೋನ್ ಮಾಡಿದೆ. ಗೆಳೆಯ ಬಿದ್ದು ಬಿದ್ದು ನಕ್ಕ.

"ಲೇ, ಪೇಜ್ ಯಾಕ್ಲಾ ತೆಗೀತೀಯ? ಫೈಲ್ ಒತ್ತು, ಇಂಪೋರ್ಟ್ ಅಂತ ಅದೆ, ಅದ್ರೊಳ್ಗೆ ಪಿಡಿಎಫ್ ಇಮೇಜ್ ಅಂತದೆ, ಅಲ್ಲಿಂದ ತೆಗಿ. ಪೇಜು ಅಂದ್ರೆ ತಟ್ಟೇಲಿ ಬಡ್ಸಿರೋದು ಕಣ್ಲಾ. ನಿಂಗ್ ಬೇಕಾಗಿರೋದು ಪಾತ್ರೇಲದೆ. ನೀನು ಸ್ಕ್ಯಾನ್ ಮಾಡಿ ಆಕಿದ್ದು ಆಕಿದಂಗೇ ಒಳಗಿರ್ತದೆ."

"ಹಾಕಿದ ಹಾಗೇನಾ?"

"ಊಂ ಕಣೋ. ನೀನು ಚೌಕಟ್ಟು ಎಳ್ದು ಮುಚ್ಚಿರ್ತೀಯ ಅಷ್ಟೇ, ಅದೆಲ್ಲೋಯ್ತದೆ?"

ಫೋನ್ ಇಟ್ಟೆ. ಅವನು ಹೇಳಿದ್ದರ ಪೂರ್ತಿ ಅರ್ಥ ನನ್ನ ಮಂಡೆಗೆ ಆಗಲೂ ಹೋಗಿರಲಿಲ್ಲ, ಅಣ್ಣನ ಮೂಗೇ ತಲೆಯಲ್ಲಿತ್ತು. ಇಂಪೋರ್ಟ್ ಒತ್ತಿದೆ. ಒಂದು ಪುಟ್ಟ ಕಿಂಡಿ ತೆರೆದು, ಪಿಡಿಎಫ್ ಒಳಗಿರೋ ಚಿತ್ರಗಳನ್ನ ಒಂದೊಂದಾಗಿ ತೋರಿಸ್ತು. ಬಾಣದ ಗುರುತು ಒತ್ತಿದರೆ ಮುಂದಿನದು. ಶಾಲೆಯ ಕಟ್ಟಡ. ಒತ್ತಿದೆ. ಧ್ವಜ ಹಾರಿಸೋದು. ಒತ್ತಿದೆ. ಮಕ್ಕಳ ಕೋಲಾಟ. ಒತ್ತಿದೆ. ಗುಂಪಿನ ಫೋಟೋ.

ಅದು ಪುಸ್ತಕದಲ್ಲಿ ಇದ್ದದ್ದಕ್ಕಿಂತ ಉದ್ದ ಇತ್ತು. ಬಲಗಡೆಯ ತುದಿಯಲ್ಲಿ ಒಂಚೂರು ಹಸಿರು ಕಾಣ್ತಿತ್ತು.

ಅಕ್ಕನ ಸೀರೆ ಹಸಿರು.

ಓಕೆ ಒತ್ತಿ ಪೂರ್ತಿ ತೆರೆದು, ಬಲಗಡೆಗೆ ಸರಿಸಿ, ದೊಡ್ಡದು ಮಾಡಿದೆ. ಇನ್ನೂ ದೊಡ್ಡದು ಮಾಡಿದೆ. ಒಡೀಲಿಲ್ಲ. ಪ್ರೆಸ್ಸಿಗೆ ಅಂತ ನಾನೇ ಒಳ್ಳೆ ಕ್ವಾಲಿಟಿಯಲ್ಲಿ ಸ್ಕ್ಯಾನ್ ಮಾಡಿದ್ದೆನಲ್ಲ, ಆ ಕ್ವಾಲಿಟಿಯಲ್ಲೇ ಅಕ್ಕ ನಿಂತಿದ್ದಳು. ತೊಳೆದ ಮುಖದ ನೀರು ಇನ್ನೂ ಆರದೆ ಹಣೆಗೂದಲು ಒದ್ದೆಯಾಗಿ ಅಂಟಿತ್ತು. ಮೊಣಕೈ ಕೆಳಗೆ ಸೌಟಿನ ತುದಿ. ಎಡಗಡೆ ಹುಬ್ಬಿನ ಮೇಲೆ ಸುಟ್ಟ ಕಲೆ. ಎಡಗಡೆ! ಮಾನಿಟರ್ ಮೇಲೆ ಬೆರಳಿಟ್ಟು, ಎಳೆ ಮಗುವಿನ ಹಾಗೆ ಗೊಳೋ ಅಂತ ಅತ್ತುಬಿಟ್ಟೆ.

ಅಷ್ಟರಲ್ಲಿ ಫ್ಲೆಕ್ಸ್ ಮಾಡಿಸೋಕೆ ಬಂದಿದ್ದವನು ಬಾಗಿಲಿಗೆ ಬಂದು ನನ್ನ ಸ್ಥಿತಿ ನೋಡಿ ಹೆದರಿದ. "ಓಗ್ಲಿ ಬುಡಿ ಸಾ, ಅಷ್ಟೊಂದ್ ಬೇಜಾರ್ ಮಾಡ್ಕಬೇಡಿ, ಮೂಗು ಒಸಿ ಸರಿ ಮಾಡಿದ್ರೆ ಸಾಕು" ಅಂದ. ಅವನನ್ನ ನಾಳೆ ಬಾ ಅಂತ ಕಳಿಸಿದೆ.

ಮತ್ತೆ ಕತ್ತರಿಸೋಕೆ ಕೂತೆ. ಹಾರ ಬೀಳೋ ಫೋಟೋ, ಬದುಕಿರೋರು ಇರಬಾರದು. ಈ ಸಲ ಗಣ್ಯರೆಲ್ಲ ಒಬ್ಬೊಬ್ಬರಾಗಿ ಹೋದರು, ಹೆಡ್ ಮಾಸ್ಟರೂ ಹೋದರು. ಅಕ್ಕನ ಭುಜಕ್ಕೆ ತಾಗಿಕೊಂಡಿದ್ದ ಒಂದು ರೇಷ್ಮೆ ಅಂಗಿಯ ಮೊಣಕೈ ಮಾತ್ರ ಜಪ್ಪಯ್ಯ ಅಂದರೂ ಹೋಗಲೊಲ್ಲದು. ಅರ್ಧ ಗಂಟೆ ಹಿಡಿದು ಅದನ್ನೂ ಅಳಿಸಿದೆ. ಅಕ್ಕನ್ನ ಮಾತ್ರ ಏನೂ ತಿದ್ದಲಿಲ್ಲ. ಕಲೆ ಹಾಗೇ, ಒದ್ದೆ ಕೂದಲು ಹಾಗೇ, ಸೌಟಿನ ತುದಿಯೂ ಹಾಗೇ ಇರಲಿ ಅಂತ ಬಿಟ್ಟೆ. ಹಬ್ಬದ ಹಿಂದಿನ ದಿನ ಸಾಯಂಕಾಲ ಕಟ್ಟು ಹಾಕಿಸಿ ಮನೆಗೆ ತಂದೆ.

ಅವ್ವ ಈ ಸಲ ಯಾರು ಅಂತ ಕೇಳಲಿಲ್ಲ. "ಬಂದ್ಯೇನವ್ವ" ಅಂದಳು, ಅಷ್ಟೇ. ಗಾಜಿನ ಮೇಲೆ ಕೆನ್ನೆ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಕೂಸು ಬಂದು ಹುಬ್ಬಿನ ಮೇಲೆ ಬೆರಳಿಟ್ಟು, ನನ್ನ ಕಡೆ ತಿರುಗಿ, "ಈ ಕಡೆಗೆ" ಅಂತ ಪಿಸುಗುಟ್ಟಿತು. ಆಮೇಲೆ ಕೇಳಿತು:

"ಅವ್ವ ಯಾರ್ನ ನೋಡಿ ನಗ್ತಾವ್ಳೆ, ಮಾವ?"

"ನನ್ನ."

"ಇದು ಸ್ಕೂಲ್ ಪುಸ್ತಕದ ಫೋಟೋ ಅಲ್ವಾ?"

ಹೌದು ಅಂದೆ. ಇನ್ನು ಮುಚ್ಚಿಡೋ ಶಕ್ತಿ ನನಗಿರಲಿಲ್ಲ. ಬಾಗಿಲ ಹೊಸಿಲ ಮೇಲೆ ಕೂತು, ಅವಳ ಕೈ ಹಿಡಿದುಕೊಂಡು ಹೇಳಿದೆ. "ಪ್ರೆಸ್ಸಿನೋರಲ್ಲ ಕಣವ್ವ ಕತ್ತರಿಸಿದ್ದು. ನಾನೇ. ನಿಮ್ಮವ್ವಂಗೆ ಸುಳ್ಳು ಹೇಳಿದೆ."

ಕೂಸಿನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ಅವ್ವುಂಗೆ ಗೊತ್ತಿತ್ತು, ಮಾವ. ನೀನು ಅವ್ವನ ತಮ್ಮ ಅಂತ ಆಮೇಲೆ ಯಾರೋ ಹೇಳಿದ್ರಂತೆ, ಹೆಡ್ ಮೇಷ್ಟ್ರೇ ಅಡ್ಗೆ ಮನೆಗೆ ಬಂದು ಹೇಳಿದ್ರು. ನಿನ್ ತಮ್ಮ ಒಳ್ಳೆ ಕೆಲಸಗಾರ ಕಣಮ್ಮ, ಕತ್ತರಿಸಿರೋದು ಗೊತ್ತೇ ಆಗಲ್ಲ ಅಂತ. ನಾನು ಅಲ್ಲೇ ಊಟಕ್ಕೆ ಕೂತಿದ್ದೆ. ಮಾವನ್ನ ಕೇಳ್ತೀನಿ ಅಂದೆ. ಕೇಳ್ಬ್ಯಾಡ ಅಂದ್ಲು ಅವ್ವ. ಕೇಳಿದ್ರೆ ಅವ್ನು ನೊಂದ್ಕತಾನೆ, ಉಣ್ಣಲ್ಲ ಅಂದ್ಲು."

ಗೊತ್ತಿದ್ದೂ ಅಷ್ಟು ತಿಂಗಳು ನನಗೆ ಬುತ್ತಿ ಕಟ್ಟಿದ್ದಳು. ಒಂದು ದಿನವೂ ಉಪ್ಪು ಹೆಚ್ಚು ಕಡಿಮೆಯಾಗಿರಲಿಲ್ಲ.

ಹಬ್ಬದ ದಿನ ಎಡೆ ಇಟ್ಟು ಪೂಜೆ ಮಾಡಿ, ಅವರು ಬಂದು ಉಣ್ಣಲಿ ಅಂತ ಬಾಗಿಲು ಹಾಕಿಕೊಂಡು ನಾವೆಲ್ಲ ಹೊರಗೆ ಜಗಲಿಯಲ್ಲಿ ಕೂತಿದ್ದೆವು. ಬಾಗಿಲು ತೆಗೆದ ಮೇಲೆ ಅವ್ವ ಅಕ್ಕನ ಎಡೆಯನ್ನ ನನ್ನ ಮುಂದೆ ಎಳೆದಿಟ್ಟಳು, ಆ ಎಡೆಯನ್ನ ಮನೆಯವರೇ ಉಣ್ಣಬೇಕು. ಮುದ್ದೆಗೆ ಕೈ ಹಾಕಿದೆ, ಮುರಿಯೋಕೆ ಆಗಲಿಲ್ಲ. ಎರಡು ಕೈಯನ್ನೂ ಬೆನ್ನ ಹಿಂದಕ್ಕೆ ತಗೊಂಡು ಕೂತುಬಿಟ್ಟೆ. ಕೂಸು ಹತ್ತಿರ ಬಂದು ಕೂತು, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನನ್ನ ಬಾಯಿ ಹತ್ತಿರ ಹಿಡಿಯಿತು.

"ಉಣ್ಣು ಮಾವ. ಅವ್ವ ನಿನ್ನೇ ನೋಡ್ತಾವ್ಳೆ."